ಖಾಲಿ ಬೋರ್ಡಿನ ಪಕ್ಷ

ಲೈಮನ್ ಪಿಂಕಮ್ ಯಾವ ಪಕ್ಷಕ್ಕೂ ಸೇರಿದವನಲ್ಲ. ಈ ಸಂಗತಿ ಕ್ರೇನ್ಸ್‌ಬರೋ ಊರಿನ ಪ್ರತಿಯೊಬ್ಬರಿಗೂ ಗೊತ್ತಿತ್ತು. ಗೊತ್ತಿದೆ ಎಂಬ ಕಾರಣಕ್ಕೆ ಅವನೇನೂ ಹೇಳುವುದನ್ನು ನಿಲ್ಲಿಸಿರಲಿಲ್ಲ. ಮನೆಮನೆಯ ಚಿಮಣಿ ಗುಡಿಸುವುದು ಅವನ ಕಸುಬು. ಅರ್ಧ ಮೈಯನ್ನು ಚಿಮಣಿಯೊಳಗೆ ತೂರಿಸಿಕೊಂಡಿದ್ದಾಗ ಕೆಳಗಿನಿಂದ ಯಾರಾದರೂ ಚುನಾವಣೆಯ ಮಾತೆತ್ತಿದರೆ ಸಾಕು, ಮಸಿಯ ಜತೆಗೆ ಅವನ ದನಿಯೂ ಕೆಳಗೆ ಉದುರುತ್ತಿತ್ತು. "ನಾನು ಪಕ್ಷ ನೋಡೋನಲ್ಲ ಕಣಪ್ಪ, ಮನುಷ್ಯನ್ನ ನೋಡೋನು."

"ನೋಡೋದೇನೋ ನೋಡ್ತಾನೆ," ಎನ್ನುತ್ತಿದ್ದಳು ಅವನ ಹೆಂಡತಿ ಲುಸಿಲ್. "ಹೋದ ಚುನಾವಣೇಲಿ ಪರದೆ ಹಿಂದೆ ಎಷ್ಟು ಹೊತ್ತು ನಿಂತಿದ್ದ ಅಂದ್ರೆ, ಒಳಗೆ ಜೀವ ಇದೆಯೋ ಇಲ್ಲವೋ ಅಂತ ಊರ ಗುಮಾಸ್ತೆ ಬಗ್ಗಿ ಬೂಟು ನೋಡ್ಕೊಂಡು ಬಂದ್ಲು."

ಇಂಥವರಿಗೆ ನ್ಯೂ ಹ್ಯಾಂಪ್‌ಶೈರಿನಷ್ಟು ಸುಖದ ಸೀಮೆ ಬೇರೆ ಇಲ್ಲ. ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷರಾಗಬೇಕೆಂದಿರುವವರೆಲ್ಲ ಹಿಮ ಮೊಣಕಾಲುದ್ದ ಬಿದ್ದಿರುವಾಗ ಮೊದಲು ಇಲ್ಲಿಗೇ ಓಡಿಬರುತ್ತಾರೆ. ಆನೆ ಗುರುತಿನ ಪಕ್ಷದವರು ಕಣಕ್ಕಿಳಿಯಬೇಕಾದವರು ತಮ್ಮವರಲ್ಲಿ ಯಾರು ಎಂದು ಆರಿಸುತ್ತಾರೆ, ಕತ್ತೆ ಗುರುತಿನ ಪಕ್ಷದವರು ತಮ್ಮವರಲ್ಲಿ ಯಾರು ಎಂದು ಆರಿಸುತ್ತಾರೆ. ಯಾವ ಪಕ್ಷವೂ ಇಲ್ಲದವನು ಓಟಿನ ದಿನ ಬೆಳಿಗ್ಗೆ ಎದ್ದು, ಮನಸ್ಸು ಬಂದ ಕಡೆಯ ಚೀಟಿ ಕೇಳಿ ಪಡೆದು ಓಟು ಹಾಕಬಹುದು. ಹೀಗಾಗಿ ಆ ಒಂದು ತಿಂಗಳು ಅವನನ್ನು ಎರಡೂ ಕಡೆಯವರು ಹೊಸ ಅಳಿಯನ ಹಾಗೆ ನೋಡಿಕೊಳ್ಳುತ್ತಾರೆ.

ಆದರೆ ಈ ವರ್ಷ ಲೈಮನ್ನನ ಮನಸ್ಸು ಅಧ್ಯಕ್ಷರ ಮೇಲಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಕ್ರೇನ್ಸ್‌ಬರೋ ಊರಸಭೆಯ ಸಭಾಪತಿಯ ಸುತ್ತಿಗೆ. ಮಾರ್ಚಿನಲ್ಲಿ ಇಡೀ ಊರು ಪುರಭವನದಲ್ಲಿ ಸೇರಿ, ಹೊಸ ಅಗ್ನಿಶಾಮಕ ಲಾರಿ ಬೇಕೋ ಬೇಡವೋ ಎಂದು ಬೆಳಗಿನಿಂದ ಸಂಜೆಯವರೆಗೆ ಜಗಳವಾಡುವಾಗ, ವೇದಿಕೆಯ ಮೇಲೆ ನಿಂತು ಒಂದೇ ಒಂದು ಏಟಿಗೆ ಎಲ್ಲರ ಬಾಯಿ ಮುಚ್ಚಿಸುವ ಸುತ್ತಿಗೆ ಅದು. ಚಿಕ್ಕಂದಿನಿಂದಲೂ ಅದರ ಮೇಲೆ ಅವನಿಗೆ ಆಸೆ. ಅದನ್ನು ಹಿಡಿದಿದ್ದ ಟಬಿತಾ ಗೋವ್‌ಗೆ ಎಂಬತ್ತು ದಾಟಿತ್ತು. ಮುಂದಿನ ಮಾರ್ಚಿಗೆ ಬೇರೆಯವರನ್ನು ಆರಿಸಿಕೊಳ್ಳಿ ಎಂದು ಹೇಳಿಬಿಟ್ಟಿದ್ದಳು. ಎರಡೂ ಪಕ್ಷದವರು ನಂಬುವ ಮನುಷ್ಯ ಬೇಕು, ಅಂಥವನು ಲೈಮನ್ ಒಬ್ಬನೇ ಎಂದು ಊರೂ ಒಪ್ಪಿತ್ತು. ಆಲೂಗಡ್ಡೆ ಹಿಸುಕುವ ಮರದ ಕೊಡತಿ ಹಿಡಿದು ಅವನು ಒಲೆಯ ಮುಂದೆ ಒಬ್ಬನೇ ಅಭ್ಯಾಸ ಮಾಡುತ್ತಿದ್ದುದನ್ನು ಲುಸಿಲ್ ಒಮ್ಮೆ ಕಂಡಳು. ಅವನ ಕೈಯಿಂದ ಕೊಡತಿ ಕಿತ್ತುಕೊಂಡು ಆಲೂಗಡ್ಡೆ ಹಿಸುಕಿದಳು.

ಲೈಮನ್ನನ ಎಡಗಡೆ ಮನೆ ಡ್ವೈಟ್ ಬೋಡೆಟ್‌ನದು. ಅಪ್ಪಟ ಆನೆ ಪಕ್ಷ. ಬಲಗಡೆ ಮನೆ ಮಾರ್ನಾ ಕಿಂಬಲ್‌ಳದು. ಅಪ್ಪಟ ಕತ್ತೆ ಪಕ್ಷ. ಇವರಿಬ್ಬರೂ ಎಷ್ಟೋ ವರ್ಷಗಳಿಂದ ಮಾತು ಬಿಟ್ಟಿದ್ದರು. ಏನಾದರೂ ಹೇಳಲೇಬೇಕಾದರೆ ಲೈಮನ್ ಮೂಲಕ ಹೇಳುತ್ತಿದ್ದರು.

"ಆ ಹೆಂಗಸಿಗೆ ಹೇಳಯ್ಯ, ಅವಳ ನಾಯಿ ನಮ್ಮ ಅಂಗಳದಲ್ಲಿದೆ ಅಂತ."

"ಆ ಮನುಷ್ಯನಿಗೆ ಹೇಳು, ನಾಯಿಗೆ ರಾಜಕೀಯ ಗೊತ್ತಾಗಲ್ಲ ಅಂತ."

ಜನವರಿ ಬಂತು. ಡ್ವೈಟ್‌ನ ಅಂಗಳದ ತುಂಬ ಆನೆಯವರ ಬೋರ್ಡು, ಮಾರ್ನಾಳ ಅಂಗಳದ ತುಂಬ ಕತ್ತೆಯವರ ಬೋರ್ಡು. ನಡುವೆ ಲೈಮನ್ನನ ಅಂಗಳ ಬೋಳು ತಲೆಯ ಹಾಗೆ ಶುದ್ಧವಾಗಿತ್ತು. ಅದನ್ನು ದಿನಕ್ಕೊಮ್ಮೆ ಕಿಟಕಿಯಿಂದ ನೋಡಿ ಅವನು ಸಂತೋಷಪಡುತ್ತಿದ್ದ.

ಅನಾಹುತ ಮಾಡಿದ್ದು ಹಿಮ ತಳ್ಳುವ ಲಾರಿ. ಒಂದು ಮುಂಜಾನೆ ಅದು ರಸ್ತೆಯ ಹಿಮವನ್ನೆಲ್ಲ ಬಾಚಿಕೊಂಡು ಹೋಗುವಾಗ ಡ್ವೈಟ್‌ನ ಬೋರ್ಡೊಂದನ್ನೂ ಬಾಚಿತು. ಬಾಚಿದ್ದನ್ನು ತಂದು ಲೈಮನ್ನನ ಅಂಗಳದ ಹಿಮದ ಗುಡ್ಡೆಗೆ ನೆಟ್ಟಗೆ ನಿಲ್ಲಿಸಿ ಮುಂದೆ ಹೋಯಿತು. ಮನುಷ್ಯರು ನೆಟ್ಟಿದ್ದರೂ ಅಷ್ಟು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಲೈಮನ್ ಅವತ್ತು ಹಿತ್ತಿಲ ಬಾಗಿಲಿನಿಂದ ಕೆಲಸಕ್ಕೆ ಹೋದವನು ಅದನ್ನು ಕಾಣಲೇ ಇಲ್ಲ. ಶನಿವಾರ ಊರವರೆಲ್ಲ ಕಸ ತಂದು ಹಾಕುವ ಅಂಗಳದಲ್ಲಿ ಮಾರ್ನಾ ಅವನನ್ನು ನೋಡಿ ಮುಖ ತಿರುಗಿಸಿದಳು.

"ಯಾಕೆ ಮಾರ್ನಾ, ಹುಷಾರಿಲ್ವಾ?"

"ನಾನು ಹುಷಾರಾಗಿದ್ದೀನಿ. ನಿನಗೇ ಏನೋ ಆಗಿದೆ. ಮನುಷ್ಯನ್ನ ನೋಡೋನು ಅಂತಿದ್ದೆ, ಆನೆಯನ್ನ ನೋಡೋಕೆ ಶುರು ಮಾಡಿದ್ದೀಯಲ್ಲ."

ಲೈಮನ್ ಮನೆಗೆ ಓಡಿ ಬೋರ್ಡು ಕಿತ್ತು ಡ್ವೈಟ್‌ಗೆ ಕೊಟ್ಟ. ಡ್ವೈಟ್, "ಯಾಕಯ್ಯ, ನಮ್ಮೋನು ಬೇಡ್ವಾ?" ಎಂದು ಮುಖ ಊದಿಸಿದ. ಎರಡು ದಿನ ಬಿಟ್ಟು ಮತ್ತೆ ಹಿಮ ಬಿತ್ತು. ಲಾರಿ ಈ ಸಲ ಆ ಕಡೆಯಿಂದ ಬಂತು. ಲೈಮನ್ನನ ಅಂಗಳದಲ್ಲಿ ಮಾರ್ನಾಳ ಬೋರ್ಡು ನಿಂತಿತ್ತು.

ಇನ್ನು ಹೀಗೇ ಬಿಟ್ಟರೆ ಸುತ್ತಿಗೆ ಕೈಬಿಟ್ಟು ಹೋಗುತ್ತದೆ ಎಂದು ಲೈಮನ್‌ಗೆ ಹೆದರಿಕೆಯಾಯಿತು. ಬೋಳು ಅಂಗಳವನ್ನು ಯಾರು ಬೇಕಾದರೂ ತುಂಬಬಹುದು, ತನ್ನದೇ ಒಂದು ಬೋರ್ಡು ನಿಂತಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ ಎಂದು ಯೋಚಿಸಿದ. ಬೋರ್ಡಿನ ಮೇಲೆ ಏನು ಬರೆಯಬೇಕೆಂದು ಒಂದು ಸಂಜೆಯೆಲ್ಲ ಕುಂಚ ಹಿಡಿದು ಕೂತ. ಏನು ಬರೆದರೂ ಒಂದು ಕಡೆಗೆ ವಾಲಿದ ಹಾಗೆ ಕಾಣುತ್ತಿತ್ತು. ಕೊನೆಗೆ ಹಲಗೆಗೆ ಬರೀ ಬಿಳಿ ಬಣ್ಣ ಬಳಿದು, ಏನೂ ಬರೆಯದೆ ನೆಟ್ಟುಬಿಟ್ಟ.

"ಹಿಮದ ಮೇಲೆ ಬಿಳಿ ಬೋರ್ಡು," ಎಂದಳು ಲುಸಿಲ್. "ನಿನ್ನ ಅಭಿಪ್ರಾಯ ಇಷ್ಟು ಸ್ಪಷ್ಟವಾಗಿ ಯಾವತ್ತೂ ಕಂಡಿರಲಿಲ್ಲ ನೋಡು."

ಊರು ಅದನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ. ಅಧ್ಯಕ್ಷರ ಚುನಾವಣೆಯ ಸುದ್ದಿಗೆಂದು ಬಾಸ್ಟನ್‌ನಿಂದ ಬಂದಿದ್ದ ಟಿ.ವಿ. ವರದಿಗಾರ್ತಿಯೊಬ್ಬಳು ದಾರಿ ತಪ್ಪಿ ಆ ರಸ್ತೆಗೆ ಬಂದಳು. ಬೋರ್ಡು ಕಂಡು ಕಾರು ನಿಲ್ಲಿಸಿದಳು. ಚಿಮಣಿ ಮಸಿ ಮೆತ್ತಿದ ಮುಖದಲ್ಲೇ ಲೈಮನ್ ಕ್ಯಾಮೆರಾ ಮುಂದೆ ನಿಂತ.

"ಈ ಬೋರ್ಡಿನ ಅರ್ಥ ಏನು?"

"ಏನೂ ಇಲ್ಲ."

"ಅಂದರೆ ಇವತ್ತಿನ ರಾಜಕೀಯದಲ್ಲಿ ಏನೂ ಇಲ್ಲ ಅಂತೀರಾ?"

"ಬೋರ್ಡಿನಲ್ಲಿ ಏನೂ ಇಲ್ಲ ಅಂದೆ ತಾಯಿ."

ಟಿ.ವಿ.ಯಲ್ಲಿ ಅವನ ಕೊನೆಯ ಮಾತನ್ನು ಕತ್ತರಿಸಿದ್ದರು. "ಏನೂ ಇಲ್ಲ" ಎಂದು ಹೇಳಿ, ಮಸಿ ಮುಖದಲ್ಲಿ ದೂರದ ಬೆಟ್ಟ ನೋಡುತ್ತ ನಿಂತ ಲೈಮನ್ನನನ್ನು ಇಡೀ ರಾಜ್ಯ ಕಂಡಿತು. ಅವನು ನೋಡುತ್ತಿದ್ದದ್ದು ಬೆಟ್ಟವನ್ನಲ್ಲ, ಮತ್ತೆ ಬರುತ್ತಿದ್ದ ಹಿಮದ ಲಾರಿಯನ್ನು.

ಮರುದಿನದಿಂದ ಮನೆಗೆ ಜನ ಬರತೊಡಗಿದರು. ಜೇನು ಸಾಕುವವನು ಬಂದ, ನಿವೃತ್ತ ಮೇಷ್ಟ್ರು ಬಂದರು, ಶಾಲೆಯ ಬಸ್ಸು ಓಡಿಸುವವಳು ಬಂದಳು. ಎಲ್ಲರದೂ ಒಂದೇ ಮಾತು. "ನಮಗೂ ಪಕ್ಷ ಇಲ್ಲ ಲೈಮನ್. ಇಷ್ಟು ದಿನ ಹೇಳ್ಕೊಳ್ಳೋಕೆ ನಾಚಿಕೆ ಆಗ್ತಿತ್ತು. ನಮಗೂ ಒಂದು ಬೋರ್ಡು ಮಾಡಿಕೊಡು."

ಬೋರ್ಡು ಮಾಡಿಕೊಟ್ಟವನು ಲುಸಿಲ್‌ಳ ತಮ್ಮ ಆರ್ಮನ್. ಅವನಿಗೊಂದು ಬಡಗಿ ಕೊಟ್ಟಿಗೆ ಇತ್ತು, ಮಾಡಲು ಕೆಲಸವಿರಲಿಲ್ಲ. ಹಗಲೆಲ್ಲ ಹಲಗೆ ಕೊಯ್ದ, ಲುಸಿಲ್ ಬಣ್ಣ ಬಳಿದಳು. ವಾರ ಕಳೆಯುವುದರೊಳಗೆ ಊರಿನ ಅರ್ಧ ಅಂಗಳಗಳಲ್ಲಿ ಖಾಲಿ ಬೋರ್ಡುಗಳು ನಿಂತವು. ಅಧ್ಯಕ್ಷರಾಗಬೇಕೆಂದಿದ್ದ ಸೆನೆಟರೊಬ್ಬರು ಬಂದು ಬೋರ್ಡಿನ ಪಕ್ಕ ಫೋಟೋ ತೆಗೆಸಿಕೊಂಡು, "ನಾನು ಇದರ ಒಂದೊಂದು ಅಕ್ಷರವನ್ನೂ ಒಪ್ಪುತ್ತೇನೆ," ಎಂದು ಹೇಳಿಹೋದರು.

ಇಷ್ಟೆಲ್ಲ ಆದಮೇಲೆ ಒಂದು ಕಡೆ ಕೂತು ಮಾತಾಡಬೇಕಲ್ಲ ಎಂದು ಆರ್ಮನ್‌ಗೆ ಅನ್ನಿಸಿತು. ಕೂತದ್ದು ಲುಸಿಲ್‌ಳ ಅಡುಗೆಮನೆಯಲ್ಲಿ. ಮೊದಲ ಭಾನುವಾರ ಯಾರು ಡೋನಟ್ ತರಬೇಕೆಂಬುದು ತೀರ್ಮಾನವಾಯಿತು. ಅದಕ್ಕೊಬ್ಬ ಕಾರ್ಯದರ್ಶಿ ಬೇಕಾಯಿತು, ಆರ್ಮನ್ ಕಾರ್ಯದರ್ಶಿಯಾದ. ಹುಟ್ಟಿದಾಗಿನಿಂದ ಅವನಿಗೆ ಯಾರೂ ಯಾವ ಹುದ್ದೆಯನ್ನೂ ಕೊಟ್ಟಿರಲಿಲ್ಲ. ಮನೆ ಲೈಮನ್ನನದಾದ್ದರಿಂದ ಅಧ್ಯಕ್ಷತೆ ಅವನದೇ ಆಯಿತು. ಸಭೆ ನಡೆಸುವುದೆಂದರೆ ಪ್ರಾಣ ಬಿಡುವವನು, ಕೊಡತಿ ಹಿಡಿದು ಸಂತೋಷದಿಂದ ನಿಂತ. ತಾನು ಯಾವುದರ ಅಧ್ಯಕ್ಷ ಎಂದು ಕೇಳಿಕೊಳ್ಳುವುದು ಅವನಿಗೆ ಹೊಳೆಯಲಿಲ್ಲ.

ಎರಡನೆಯ ಸಲ ಸೇರಿದಾಗ ಮೇಷ್ಟ್ರು ಬೋರ್ಡಿನ ಬಣ್ಣದ ಪ್ರಶ್ನೆ ಎತ್ತಿದರು. "ಕೆಲವರ ಬೋರ್ಡು ಹಾಲಿನ ಬಿಳಿ, ಕೆಲವರದು ಮೊಟ್ಟೆಯ ಬಿಳಿ. ಇದರಿಂದ ತಪ್ಪು ಸಂದೇಶ ಹೋಗುತ್ತೆ."

"ಏನು ಸಂದೇಶ ಮೇಷ್ಟ್ರೇ? ಸಂದೇಶವೇ ಇಲ್ಲವಲ್ಲ," ಎಂದ ಜೇನಿನವನು.

"ಇಲ್ಲ ಅನ್ನೋದೂ ಒಂದೇ ಥರ ಇಲ್ಲ ಅನ್ನಬೇಕಲ್ಲಪ್ಪ."

ಆರ್ಮನ್ ಎದ್ದು ನಿಂತ. "ಬಣ್ಣ ಆಮೇಲೆ ನೋಡೋಣ. ಮೊದಲು ಶಿಸ್ತು. ಅಧ್ಯಕ್ಷರ ಚುನಾವಣೆ ದಿನ ನಮ್ಮವರು ಯಾರೂ ಆನೆಗೂ ಓಟು ಹಾಕಬಾರದು, ಕತ್ತೆಗೂ ಹಾಕಬಾರದು. ಪಕ್ಷದ ಮಾನ ಉಳೀಬೇಕು."

"ಆರ್ಮನ್," ಎಂದ ಲೈಮನ್ ಮೆಲ್ಲಗೆ, "ಮತ್ತೆ ಓಟು ಯಾರಿಗಪ್ಪ ಹಾಕೋದು?"

"ಅದು ನಿನ್ನ ಸ್ವಂತ ವಿಚಾರ ಭಾವ. ಪಕ್ಷ ಅದರಲ್ಲಿ ತಲೆ ಹಾಕಲ್ಲ."

ಮುಂದಿನ ಶನಿವಾರ ಕಸದ ಅಂಗಳದಲ್ಲಿ ಲೈಮನ್ ಬಾಟಲಿಗಳನ್ನು ಬೇರೆ ಮಾಡುತ್ತಿದ್ದಾಗ ಟಬಿತಾ ಗೋವ್ ಅವನ ಹತ್ತಿರ ಬಂದಳು. ಅವಳು ಎಂದೂ ದನಿ ಎತ್ತಿ ಮಾತಾಡುವವಳಲ್ಲ. ಅವಳು ಮೆಲ್ಲಗೆ ಮಾತಾಡಿದರೆ ಜನ ಹೆಚ್ಚು ಹೆದರುತ್ತಿದ್ದರು.

"ಲೈಮನ್, ಸಭಾಪತಿಗೆ ಪಕ್ಷ ಇರಬಾರದು."

"ನನಗೆಲ್ಲಿದೆ ಟಬಿತಾ?"

"ನಿನ್ನ ಅಡುಗೆಮನೇಲಿ. ನೀನೇ ಅಧ್ಯಕ್ಷ, ನಿನ್ನ ಭಾವಮೈದುನ ಕಾರ್ಯದರ್ಶಿ. ಬೋರ್ಡಿದೆ, ಶಿಸ್ತಿದೆ, ಬಣ್ಣದ ಜಗಳ ಬೇರೆ ಶುರುವಾಗಿದೆಯಂತೆ. ಇನ್ನೇನು ಬಾಕಿ ಇದೆ ಹೇಳು ಪಕ್ಷ ಅನ್ನೋಕೆ?"

ಲೈಮನ್ನನ ಕೈಯಲ್ಲಿದ್ದ ಹಸಿರು ಬಾಟಲಿ ಕಂದು ಬಾಟಲಿಗಳ ಡಬ್ಬಕ್ಕೆ ಬಿತ್ತು. ಆಚೆ ಆನೆಯ ಡ್ವೈಟ್ ನಿಂತಿದ್ದ, ಈಚೆ ಕತ್ತೆಯ ಮಾರ್ನಾ ನಿಂತಿದ್ದಳು. ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು. ಅವರಿಬ್ಬರೂ ಒಂದು ವಿಷಯಕ್ಕೆ ಒಟ್ಟಿಗೆ ತಲೆಯಾಡಿಸಿದ್ದನ್ನು ಆ ಊರು ಕಂಡದ್ದು ಅದೇ ಮೊದಲು.

"ನಮ್ಮವರು ಬೇರೆ ಯಾರನ್ನಾದ್ರೂ ನೋಡ್ತಿದ್ದಾರಯ್ಯ," ಎಂದ ಡ್ವೈಟ್.

"ನಮ್ಮವರೂ," ಎಂದಳು ಮಾರ್ನಾ.

ಲೈಮನ್ ಮನೆಗೆ ಬಂದು ಕೋಟು ಸಹ ತೆಗೆಯದೆ ಕುರ್ಚಿಯಲ್ಲಿ ಕೂತ. ಅವನಿಗೆ ಅಳು ಬರುವುದೊಂದು ಬಾಕಿ. ಲುಸಿಲ್ ಅವನ ಮುಂದೆ ಸೇಬಿನ ಪೈ ಇಟ್ಟಳು. ಅವನು ಮುಟ್ಟಲಿಲ್ಲ. ಪೈ ಮುಟ್ಟದ ಗಂಡನನ್ನು ಅವಳು ಅದುವರೆಗೆ ಕಂಡಿರಲಿಲ್ಲ.

"ನಾಳೆ ಸಭೇಲಿ ಇದನ್ನ ಮುಚ್ಚಿಬಿಡೋಣ," ಎಂದಳು. "ನೀನು ಅಧ್ಯಕ್ಷ, ನೀನು ಠರಾವು ತರೋ ಹಾಗಿಲ್ಲ. ನಾನು ತರ್ತೀನಿ. ನನ್ನ ನೆಲ ಒರೆಸಿ ಒರೆಸಿ ನನಗೂ ಸಾಕಾಗಿದೆ. ಇವರ ಬೂಟಿನ ಹಿಮ ಕರಗಿ ಕೆರೆ ಆಗಿದೆ."

ಭಾನುವಾರ ಮಧ್ಯಾಹ್ನ ಅಡುಗೆಮನೆ ತುಂಬಿತು. ಲೈಮನ್ ಏನು ಮಾಡುತ್ತಾನೆ ನೋಡೋಣವೆಂದು ಡ್ವೈಟ್ ಬಂದ. ಅದನ್ನೇ ನೋಡಲು ಮಾರ್ನಾಳೂ ಬಂದಳು. ಬೇರೆ ಜಾಗವಿಲ್ಲದೆ ಇಬ್ಬರೂ ಬಾಗಿಲ ಬಳಿ ಒಂದೇ ಕಾಲೊರಸಿನ ಮೇಲೆ ನಿಲ್ಲಬೇಕಾಯಿತು.

ಲುಸಿಲ್ ಎದ್ದು, "ಈ ಪಕ್ಷ ಇವತ್ತಿಗೆ ಮುಗೀಲಿ, ಎಲ್ಲರೂ ಅವರವರ ಮನೆಗೆ ಹೋಗಲಿ," ಎಂದು ಠರಾವು ಮಂಡಿಸಿದಳು.

ಆರ್ಮನ್‌ಗೆ ಜೀವವೇ ಹೋದಂತಾಯಿತು. "ಅಕ್ಕಾ, ಒಡಹುಟ್ಟಿದವಳಾಗಿ ಹೀಗೆ ಮಾಡ್ತೀಯಾ? ಈಗ ತಾನೇ ನನ್ನನ್ನ ಜನ ಹೆಸರು ಹಿಡಿದು ಕರೀತಿದ್ದಾರೆ."

ಚರ್ಚೆ ಕಾವೇರಿತು. ಮುಗಿಯಲಿ ಎಂದ ಬಸ್ಸಿನವಳ ಮಾತಿಗೆ ಮೇಷ್ಟ್ರು ಅಡ್ಡ ಬಂದರು. ಲೈಮನ್ ಕೊಡತಿ ಕುಟ್ಟಿ ಮೇಷ್ಟ್ರನ್ನು ಕೂರಿಸಿದ. ಆರ್ಮನ್ ಮಾತಾಡುವಾಗ ಲುಸಿಲ್ ಪಾತ್ರೆ ಸದ್ದು ಮಾಡಿದಳು. ಲೈಮನ್ ಕೊಡತಿ ಕುಟ್ಟಿ ಹೆಂಡತಿಯನ್ನೂ ಕೂರಿಸಿದ. ತನ್ನ ವಿರುದ್ಧ ಮಾತಾಡುತ್ತಿದ್ದ ಆರ್ಮನ್‌ಗೆ, "ನಿನಗಿನ್ನೂ ಹೊತ್ತಿದೆ, ನಿಧಾನವಾಗಿ ಹೇಳು," ಎಂದ. ಬಾಗಿಲ ಬಳಿ ಡ್ವೈಟ್ ಮಾರ್ನಾಳ ಕಡೆ ನೋಡಿದ. ಮಾರ್ನಾ ಸೂರು ನೋಡಿದಳು.

ಆಮೇಲೆ ಕೈ ಎತ್ತಿಸಿದರು. ಲೈಮನ್ ಎಣಿಸಿದ. ಅನುಮಾನ ಬಂದು ಮತ್ತೊಮ್ಮೆ ಎಣಿಸಿದ. ಎರಡು ಕಡೆಯೂ ಸಮ ಸಮ.

ಸಮವಾದರೆ ಅಧ್ಯಕ್ಷ ಬೇಕೆಂದರೆ ತನ್ನ ಓಟು ಹಾಕಬಹುದು. ಲೈಮನ್ ಒಂದು ಕೈ ಎತ್ತಿದರೆ ಪಕ್ಷ ಮುಗಿಯುತ್ತಿತ್ತು, ಸುತ್ತಿಗೆ ಸಿಗುತ್ತಿತ್ತು. ಆದರೆ ಕ್ರೇನ್ಸ್‌ಬರೋದಲ್ಲಿ ಒಂದು ಪದ್ಧತಿ ಇದೆ. ಅದನ್ನು ಯಾರು ಮಾಡಿದರೋ ಗೊತ್ತಿಲ್ಲ. ಸುತ್ತಿಗೆ ಹಿಡಿದ ಕೈಯನ್ನು ಸಭಾಪತಿ ಯಾವ ಕಡೆಯವರಿಗೂ ಎತ್ತುವ ಹಾಗಿಲ್ಲ. ಟಬಿತಾ ತನ್ನ ಸ್ವಂತ ರಸ್ತೆಗೆ ಡಾಂಬರು ಹಾಕಿಸುವ ಠರಾವು ಸಮವಾಗಿ ಬಿದ್ದುಹೋದಾಗಲೂ ಎತ್ತಿರಲಿಲ್ಲ, ಇವತ್ತಿಗೂ ಕೆಸರಿನಲ್ಲೇ ಓಡಾಡುತ್ತಾಳೆ. ಲೈಮನ್ ಕೈಯಲ್ಲಿದ್ದ ಕೊಡತಿಯನ್ನು ನೋಡಿದ.

"ಸಮ ಬಂದಿದೆ," ಎಂದ. "ಸಮ ಬಂದರೆ ಠರಾವು ಬಿದ್ದ ಹಾಗೆ. ಪಕ್ಷ ಉಳೀತು."

ಕೊಡತಿ ಕುಟ್ಟಿದ.

ಈಗ ಮುಗಿಯಲಿ ಎಂದವರಿಗೆ ಸಿಟ್ಟು ಬಂತು, ಒಂದು ಕೈ ಎತ್ತಿ ಮುಗಿಸಲಿಲ್ಲವಲ್ಲ ಎಂದು. ಉಳಿಯಲಿ ಎಂದವರಿಗೂ ಸಿಟ್ಟು ಬಂತು, ಒಂದು ಕೈ ಎತ್ತಿ ಉಳಿಸಲಿಲ್ಲವಲ್ಲ, ತಾನಾಗಿ ಉಳಿಯಿತಲ್ಲ ಎಂದು. ಆರ್ಮನ್ ಮೇಜು ತಟ್ಟಿದ.

"ತನ್ನ ಪಕ್ಷಕ್ಕೋಸ್ಕರ ಒಂದು ಕೈ ಎತ್ತದವನು ಪಕ್ಷದಲ್ಲಿ ಯಾಕಿರಬೇಕು? ಭಾವನನ್ನ ಪಕ್ಷದಿಂದ ತೆಗೀಬೇಕು ಅಂತ ನಾನು ಠರಾವು ತರ್ತೀನಿ."

"ಅನುಮೋದನೆ?" ಎಂದು ಕೇಳಿದ ಲೈಮನ್. ಕೇಳಲೇಬೇಕಲ್ಲ.

ಅನುಮೋದನೆಗೆ ನಾಲ್ಕಾರು ದನಿಗಳು ಬಂದವು.

"ಇದರ ಮೇಲೆ ಚರ್ಚೆ? ಇಲ್ಲ. ಪರವಾಗಿರೋರು ಕೈ ಎತ್ತಿ."

ಎಲ್ಲರ ಕೈ ಮೇಲಿತ್ತು. ಒಲೆಯ ಪಕ್ಕ ಲುಸಿಲ್‌ಳ ಕೈಯೂ ಮೇಲಿತ್ತು. ಅವಳ ಮುಖ ಒಲೆಗಿಂತ ಕೆಂಪಾಗಿತ್ತು. ಲೈಮನ್ ಒಂದೊಂದು ಕೈಯನ್ನೂ ಎಣಿಸಿ, ಹೆಂಡತಿಯ ಕೈಯನ್ನೂ ಬಿಡದೆ ಎಣಿಸಿ, ಗಟ್ಟಿಯಾಗಿ ಸಾರಿದ. "ವಿರೋಧ ಯಾರೂ ಇಲ್ಲ. ಠರಾವು ಪಾಸಾಗಿದೆ. ಲೈಮನ್ ಪಿಂಕಮ್‌ನನ್ನ ಪಕ್ಷದಿಂದ ತೆಗೆಯಲಾಗಿದೆ." ಕುಟ್ಟಿದ ಮೇಲೆ ಕೊಡತಿಯನ್ನು ಮೇಜಿನ ಮೇಲೆ ಇಟ್ಟ.

"ಸದಸ್ಯರಲ್ಲದವರು ಹೊರಗೆ," ಎಂದ ಆರ್ಮನ್.

ಹೀಗೆ ಲೈಮನ್, ಡ್ವೈಟ್, ಮಾರ್ನಾ ಮೂವರೂ ಲೈಮನ್ನನ ಸ್ವಂತ ಮನೆಯಿಂದ ಹೊರಗೆ ಬಂದರು. ಜಗುಲಿಯಲ್ಲಿ ಪೇರಿಸಿದ್ದ ಸೌದೆಯ ಮೇಲೆ ಸಾಲಾಗಿ ಕೂತರು. ಲೈಮನ್‌ಗೆ ತುಂಬ ಬೇಜಾರಾಗಿತ್ತು. ಇದ್ದ ಪಕ್ಷವೂ ಹೋಯಿತು, ಬರಬೇಕಾಗಿದ್ದ ಸುತ್ತಿಗೆಯೂ ಹೋಯಿತು, ಒಳಗೆ ಡೋನಟ್ ಬೇರೆ ಉಳಿದುಬಿಟ್ಟಿದ್ದವು.

ಡ್ವೈಟ್ ಹೇಳಿದ, "ಒಂದು ಕೈ ಎತ್ತಿದ್ರೆ ಮುಗೀತಿತ್ತಲ್ಲಯ್ಯ."

"ಕೈಯಲ್ಲಿ ಕೊಡತಿ ಇತ್ತಲ್ಲ."

"ಎಡಗೈ ಖಾಲಿ ಇತ್ತು," ಎಂದಳು ಮಾರ್ನಾ.

ಲೈಮನ್ ತನ್ನ ಎಡಗೈಯನ್ನು ಎತ್ತಿ ನೋಡಿದ. "ಅದು ತೋಚಲೇ ಇಲ್ಲ ನೋಡು."

ಮಾರ್ನಾಗೆ ನಗು ತಡೆಯಲಾಗಲಿಲ್ಲ. ಡ್ವೈಟ್‌ಗೂ ಬಂತು. ನಗುತ್ತ ನಗುತ್ತ ಅವನು, "ಹೆಂಡತಿ ಕೈಯನ್ನೂ ಎಣಿಸಿದನಲ್ಲ ಮಾರ್ನಾ, ನೋಡಿದೆಯಾ," ಎಂದ. ನೇರವಾಗಿ ಅವಳ ಜತೆಗೇ ಮಾತಾಡಿದೆನೆಂಬುದು ಅವನಿಗೆ ಆಮೇಲೆ ಗೊತ್ತಾಗಿ, ಕೆಮ್ಮಿದ.

ಒಳಗಿನಿಂದ ಗಲಾಟೆ ಕೇಳಿಬರುತ್ತಿತ್ತು. ಮೊಟ್ಟೆಯ ಬಿಳಿ ಎಂದು ಯಾರೋ ಕಿರುಚಿದರು. ಕುರ್ಚಿಯೊಂದು ಬಿದ್ದ ಸದ್ದಾಯಿತು. ಅಷ್ಟರಲ್ಲಿ ಬಾಗಿಲು ತೆರೆದು ಲುಸಿಲ್ ತಲೆ ಹೊರಗೆ ಹಾಕಿದಳು.

"ಲೈಮನ್, ಒಳಗೆ ಬರಬೇಕಂತೆ."

"ನನ್ನನ್ನ ತೆಗೆದುಹಾಕಿದ್ದಾರಲ್ಲ. ನೀನೂ ಕೈ ಎತ್ತಿದೆ."

"ಎತ್ತಿದೆ, ಸಿಟ್ಟು ಬಂದಿತ್ತು. ಈಗ ಕೇಳು. ಆರ್ಮನ್ ಅಧ್ಯಕ್ಷನಾದರೆ ಹಾಲಿನ ಬಿಳಿಯವರು ಒಪ್ಪಲ್ಲ, ಮೇಷ್ಟ್ರಾದರೆ ಮೊಟ್ಟೆಯವರು ಒಪ್ಪಲ್ಲ. ಯಾರ ಮಾತೂ ಯಾರಿಗೂ ಕೇಳಿಸ್ತಿಲ್ಲ. ಕೊನೆಗೆ ಒಂದು ಠರಾವು ಪಾಸ್ ಮಾಡಿದ್ರು. ಸಭೆ ನಡೆಸೋನು ಈ ಪಕ್ಷದವನು ಆಗಿರಬಾರದಂತೆ. ಆನೆಯವನೂ ಬೇಡ, ಕತ್ತೆಯವನೂ ಬೇಡ. ಹಾಗಂದ್ರೆ ಊರಲ್ಲಿ ಇನ್ಯಾರಿದ್ದಾರೆ ಅಂತ ಎಲ್ಲರೂ ಯೋಚನೆ ಮಾಡಿದ್ರು."

ಲೈಮನ್ ಎದ್ದ. ಪ್ಯಾಂಟಿಗೆ ಮೆತ್ತಿದ್ದ ಸೌದೆಯ ಪುಡಿಯನ್ನು ಕೊಡವಿಕೊಂಡ. ಡ್ವೈಟ್‌ನ ಕಡೆ ನೋಡಿದ, ಮಾರ್ನಾಳ ಕಡೆ ನೋಡಿದ, ಒಳಗೆ ಹೋದ.

ಜಗುಲಿಯಲ್ಲಿ ಉಳಿದ ಇಬ್ಬರೂ ಕಿವಿಗೊಟ್ಟು ಕೂತರು. ಕೊಡತಿಯ ಸದ್ದು ಒಮ್ಮೆ ಕೇಳಿಸಿತು. ಒಳಗೆ ನಿಶ್ಶಬ್ದವಾಯಿತು. ಆಮೇಲೆ ಲೈಮನ್ನನ ದನಿ, "ಒಬ್ಬೊಬ್ಬರಾಗಿ." ಒಬ್ಬೊಬ್ಬರಾಗಿ ಮಾತಾಡತೊಡಗಿದರು.

"ಮಾರ್ಚಿಗೆ ನನ್ನ ಓಟು ಇವನಿಗೇ," ಎಂದಳು ಮಾರ್ನಾ.

"ನನ್ನದೂ," ಎಂದ ಡ್ವೈಟ್. ಆಮೇಲೆ ರಸ್ತೆಯ ಆಚೀಚೆ ನೋಡಿ ದನಿ ತಗ್ಗಿಸಿದ. "ನೀನೂ ನಾನೂ ಒಬ್ಬನಿಗೇ ಹಾಕ್ತಿದ್ದೀವಿ ಅಂತ ನಮ್ಮ ಪಕ್ಷದವರ ಕಿವಿಗೆ ಬೀಳೋ ಹಾಗೆ ಮಾಡ್ಬೇಡ ಮಾರಾಯ್ತಿ."

"ನಮ್ಮವರಿಗೆ ನೀನೂ ಹೇಳ್ಬೇಡ," ಎಂದಳು ಮಾರ್ನಾ.